ವೃಷಣದ ಕ್ಯಾನ್ಸರ್: ಯಾರಿಗೆ, ಯಾವ ಬಗೆ?



ನಾಚಿಕೆಯಿಂದ ಬಚ್ಚಿಡುವ ಕಾಯಿಲೆಗಳಲ್ಲಿ ವೃಷಣದ, ಅಂದರೆ ಬೀಜದ, ಕ್ಯಾನ್ಸರ್ ಒಂದು. ತಿಗನಾರೆ, ತಾಳವಾಡಿ ಕಡೆಯ ನಮ್ಮ ಸದಸ್ಯರೂ ಅವರ ಮಕ್ಕಳೂ ಇದನ್ನು ತಿಳಿದಿರುವುದು ಅಗತ್ಯ.

ನಮ್ಮ ಕಡೆ ಇದು ವಿರಳ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಮತ್ತು ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆಗಳು 1980ರ ದಶಕದ ಆರಂಭದಿಂದ ತಮ್ಮ ನಗರಗಳ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನು ಇಡುತ್ತಾ ಬಂದಿವೆ. ಅದರಂತೆ ಲಕ್ಷ ಗಂಡಸರಲ್ಲಿ ವರ್ಷಕ್ಕೆ ಒಬ್ಬರಿಗಿಂತಲೂ ಕಡಿಮೆ. ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಇದರ ಸುಮಾರು ಹತ್ತರಷ್ಟು ಅಥವಾ ಅದಕ್ಕೂ ಹೆಚ್ಚು. ಆದರೆ ವಿರಳವೆಂದು ಕಡೆಗಣಿಸುವಂತಿಲ್ಲ. ಬೇರೆ ಕ್ಯಾನ್ಸರ್‌ಗಳು ಹೆಚ್ಚಾಗಿ ವಯಸ್ಸಾದ ಮೇಲೆ ಬಂದರೆ, ಇದು ಬರುವುದು ಮನೆಯ ಆರಂಬ ನಡೆಸುವ ದುಡಿಯುವ ವಯಸ್ಸಿನವರಿಗೆ.

ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಗಡ್ಡೆಗಳು ವೀರ್ಯಾಣು ಹುಟ್ಟಿಸುವ ಮೂಲ ಜೀವಕೋಶಗಳಿಂದ ಬೆಳೆದವು. ಇವುಗಳಲ್ಲಿ ಎರಡು ಬಗೆ. ಸೆಮಿನೋಮ ನಿಧಾನವಾಗಿ ಬೆಳೆಯುತ್ತದೆ. ಮೂವತ್ತು ದಾಟಿದವರಲ್ಲಿ ಹೆಚ್ಚು. ಸೆಮಿನೋಮ ಅಲ್ಲದ ಬಗೆ ಇಪ್ಪತ್ತರ ಹರೆಯದಲ್ಲಿ ಹೆಚ್ಚು, ಬೇಗ ಹರಡುತ್ತದೆ. ಅರವತ್ತು ದಾಟಿದವರಲ್ಲಿ ಬರುವುದು ಬಹುಪಾಲು ಲಿಂಫೋಮ ಎಂಬ ಬೇರೆಯೇ ರೋಗ.

ಹುಟ್ಟಿದಾಗ ಬೀಜ ಚೀಲಕ್ಕೆ ಇಳಿಯದೆ ಹೊಟ್ಟೆಯಲ್ಲೋ ತೊಡೆಸಂದಿಯಲ್ಲೋ ಉಳಿದವರಿಗೆ ಅಪಾಯ ಹಲವು ಪಟ್ಟು. ಗಂಡು ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿಯೇ ಇದನ್ನು ಮೊದಲು ಗುರುತಿಸಬಲ್ಲಳು. ಆರು ತಿಂಗಳಾದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಒಂದೂವರೆ ವರ್ಷದೊಳಗೆ ಶಸ್ತ್ರಕ್ರಿಯೆಯಾಗುವುದು ಒಳ್ಳೆಯದು.

ಮುಖ್ಯ ಲಕ್ಷಣ ನೋವಿಲ್ಲದ ಗಟ್ಟಿ ಗಂಟು, ಅಥವಾ ಒಂದು ಬೀಜ ಭಾರವಾದಂತೆ ಅನಿಸುವುದು. ನೋವಿಲ್ಲವೆಂದೇ ಜನ ಕಾಯುತ್ತಾರೆ, ನೀರು ತುಂಬಿದೆ ಎಂದುಕೊಳ್ಳುತ್ತಾರೆ. ಚಾಮರಾಜನಗರಕ್ಕೋ, ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೋ ಹೋಗಿ ಸ್ಕ್ಯಾನ್ ಮಾಡಿಸಿದರೆ ಸಂಶಯ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಕೆಂಪು ಕೊಳೆ ರೋಗದ ಕಬ್ಬನ್ನು ನಾವು ಸೀಳಿ ನೋಡುತ್ತೇವೆ, ಇಲ್ಲಿ ಹಾಗಲ್ಲ. ಚೀಲಕ್ಕೆ ಸೂಜಿ ಹಾಕಿದರೆ ರೋಗ ಹರಡಬಹುದು. ಆದ್ದರಿಂದ ತೊಡೆಸಂದಿಯ ಮೂಲಕ ಬೀಜವನ್ನೇ ತೆಗೆದು ಪರೀಕ್ಷಿಸುತ್ತಾರೆ.

1970ರ ದಶಕದಲ್ಲಿ ಅಮೆರಿಕದ ಡಾ. ಲಾರೆನ್ಸ್ ಐನ್‌ಹಾರ್ನ್ ಅವರು ಸಿಸ್‌ಪ್ಲಾಟಿನ್ ಔಷಧಿಯನ್ನು ಇತರ ಔಷಧಿಗಳೊಡನೆ ಬಳಸಿದಂದಿನಿಂದ ಈ ರೋಗದ ಕಥೆಯೇ ಬದಲಾಯಿತು. ಬೇಗ ಬಂದವರಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಹರಡಿದ ಮೇಲೆ ಬಂದವರಲ್ಲೂ ಅನೇಕರು ಉಳಿಯುತ್ತಾರೆ. ಉಳಿದ ಒಂದು ಬೀಜ ಆರೋಗ್ಯವಾಗಿದ್ದರೆ ದಾಂಪತ್ಯಕ್ಕೂ ಸಂತಾನಕ್ಕೂ ಸಾಮಾನ್ಯವಾಗಿ ಸಾಕು. ಔಷಧಿ ಆರಂಭಿಸುವ ಮುಂಚೆ ವೀರ್ಯವನ್ನು ಕಾಪಿಡುವ ವ್ಯವಸ್ಥೆಯೂ ದೊಡ್ಡ ನಗರಗಳಲ್ಲಿದೆ; ಇನ್ನೂ ಮದುವೆಯಾಗದ ಹುಡುಗನಾದರೆ ಅದನ್ನು ವೈದ್ಯರಲ್ಲಿ ಮೊದಲೇ ಕೇಳಬೇಕು.