ಸುರಪುರದ ಟೇಲರ್ ಮತ್ತು ಕಾಲವನ್ನು ಗೆದ್ದ ಕಾದಂಬರಿ

ಯಾದಗಿರಿ ಜಿಲ್ಲೆಯ ಸುರಪುರದಲ್ಲಿ, ಬಂಡೆಗಲ್ಲಿನ ಬೆಟ್ಟಗಳ ನಡುವೆ ‘ಟೇಲರ್ ಮಂಜಿಲ್’ ಇಂದಿಗೂ ತಲೆಯೆತ್ತಿ ನಿಂತಿದೆ. ಬೇಡ ನಾಯಕರ ಈ ವೀರಭೂಮಿಯಲ್ಲಿ ನೆಲೆಸಿದ್ದ ಫಿಲಿಪ್ ಮೆಡೋಸ್ ಟೇಲರ್, ವಿಕ್ಟೋರಿಯಾ ಯುಗದ ಪ್ರಖ್ಯಾತ ಕಾದಂಬರಿಕಾರರೂ ಹೌದು. ಕಾದಂಬರಿಯೊಂದು ಅಭಿಜಾತ ಕೃತಿಯೆನಿಸಲು ಯಾವ ಅರ್ಹತೆ ಬೇಕು? ಈ ಪ್ರಶ್ನೆಗೆ ಅವರ ಸಾಹಿತ್ಯದಲ್ಲಿ ಉಜ್ಜ್ವಲವಾದ ಉತ್ತರವಿದೆ.

1808ರಲ್ಲಿ ಲಿವರ್‌ಪೂಲ್‌ನಲ್ಲಿ ಜನಿಸಿದ ಟೇಲರ್, ಹದಿಹರೆಯದಲ್ಲೇ ಭಾರತಕ್ಕೆ ಬಂದು 1824ರಲ್ಲಿ ನಿಜಾಮರ ಸೇನೆ ಸೇರಿದರು. 1839ರಲ್ಲಿ ಪ್ರಕಟವಾದ ‘ಕನ್‌ಫೆಷನ್ಸ್ ಆಫ್ ಎ ಥಗ್’ ಅವರಿಗೆ ಅಪಾರ ಕೀರ್ತಿ ತಂದಿತು. ದಾರಿಹೋಕರ ಸ್ನೇಹ ಗಳಿಸಿ ಕೊರಳು ಬಿಗಿಯುವ ಥಗ್ ಅಮೀರ್ ಅಲಿ ಅದರಲ್ಲಿ ತನ್ನ ಕಥೆಯನ್ನು ತಾನೇ ನಿರೂಪಿಸುತ್ತಾನೆ. ಅವನ ಕ್ರೌರ್ಯಕ್ಕೆ ಬೆಚ್ಚುವ ಓದುಗ, ಅವನ ವಾಕ್ಚಾತುರ್ಯಕ್ಕೆ ಮರುಳಾಗದೆಯೂ ಇರಲಾರ. ಥಗ್ಗರ ಕುರಿತ ಬ್ರಿಟಿಷ್ ದಾಖಲೆಗಳನ್ನು ಇತಿಹಾಸಕಾರರು ಇಂದು ಬಲವಾಗಿ ಪ್ರಶ್ನಿಸುತ್ತಾರೆ; ಆದರೂ ಅಮೀರ್ ಅಲಿ ಮಾಸಿಲ್ಲ. ಅಭಿಜಾತ ಕೃತಿಯ ಪರಮ ಲಕ್ಷಣವೇ ಇದು: ಲೇಖಕನ ಕಾಲದ ನಂಬಿಕೆಗಳು ಕುಸಿದ ಮೇಲೂ ಪಾತ್ರಗಳು ಸ್ವಂತ ಬಲದಿಂದ ಬದುಕುತ್ತವೆ.

ಇಂಥ ಜೀವಂತಿಕೆ ನೆಲದ ನಿಕಟ ಪರಿಚಯದಿಂದಲೇ ಸಿದ್ಧಿಸುವಂಥದು. 1841ರಲ್ಲಿ ಸುರಪುರಕ್ಕೆ ಬಂದ ಟೇಲರ್, ಸಂಸ್ಥಾನದ ಆಡಳಿತವನ್ನು ನಿರ್ವಹಿಸಿದರು. ಬಾಲರಾಜ ವೆಂಕಟಪ್ಪ ನಾಯಕ ಅವರನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಅದೇ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಸಿಡಿದೆದ್ದ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನಿಲ್ಲಿಸಿದ ಪ್ರಾಗೈತಿಹಾಸಿಕ ಬಂಡೆಗಳ ಬಗ್ಗೆ ಬರೆದವರೂ ಟೇಲರ್. ಈ ಪ್ರದೇಶದೊಂದಿಗಿನ ಒಡನಾಟ, ಅವರ ಮರಣಾನಂತರ 1878ರಲ್ಲಿ ಬೆಳಕು ಕಂಡ ‘ಎ ನೋಬಲ್ ಕ್ವೀನ್’ ಕಾದಂಬರಿಯಲ್ಲಿ ಮೈದುಂಬಿಕೊಂಡಿದೆ. ರಾಣಿ ಚಾಂದ್ ಬೀಬಿಯ ಶೌರ್ಯಗಾಥೆಯ ಜೊತೆಯಲ್ಲೇ ಕೃಷ್ಣೆಯ ಭೋರ್ಗರೆತ, ಜಲದುರ್ಗದ ಕೋಟೆ, ಬೇಡ ಯೋಧರ ನಿಷ್ಠೆ ಅಲ್ಲಿ ಸಾಕಾರಗೊಂಡಿವೆ. 1657, 1757 ಮತ್ತು 1857ರ ಸಂಧಿಕಾಲಗಳನ್ನು ಚಿತ್ರಿಸುವ ‘ತಾರಾ’, ‘ರಾಲ್ಫ್ ಡಾರ್ನೆಲ್’, ‘ಸೀತಾ’ ಕಾದಂಬರಿಗಳ ಹರವು ಇನ್ನೂ ವಿಶಾಲ.

ಕನ್ನಡದ ಮಹಾನ್ ಕಾದಂಬರಿಗಳಿಗೂ ಪಾತ್ರಗಳ ಈ ಜೀವಂತಿಕೆಯೇ ಒರೆಗಲ್ಲು. 1956ರಲ್ಲಿ ಪ್ರಕಟವಾದ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದಲ್ಲಿ ಕೊಡಗಿನ ಕೊನೆಯ ಅರಸನ ಪತನವನ್ನು ಓದುವವರಿಗೆ ಅವನ ಮೇಲಿನ ಕೋಪದಷ್ಟೇ ಕನಿಕರವೂ ಉಕ್ಕುತ್ತದೆ. ತೀರ್ಪು ಸುಲಭವಾಗದಷ್ಟು ಪೂರ್ಣವಾಗಿ ಮನುಷ್ಯನನ್ನು ಕಾಣಿಸುವ ಕೃತಿಯನ್ನು ಪ್ರತಿ ತಲೆಮಾರೂ ಹೊಸದಾಗಿ ಓದುತ್ತದೆ.

ಆಕ್ಸ್‌ಫರ್ಡ್‌ನ ವಿಶ್ವ ಅಭಿಜಾತ ಕೃತಿಗಳ ಮಾಲೆಯಲ್ಲಿ ‘ಕನ್‌ಫೆಷನ್ಸ್’ ಈಗಾಗಲೇ ಸ್ಥಾನ ಪಡೆದಿದೆ. ಸುರಪುರ, ಶಹಾಪುರ, ಯಾದಗಿರಿಯ ಮನೆಮನೆಗಳಲ್ಲಿ, ಶಾಲಾ-ಕಾಲೇಜುಗಳಲ್ಲಿ ಟೇಲರರ ಕೃತಿಗಳನ್ನು ಓದಿ ಚರ್ಚಿಸಬೇಕು; ಒಪ್ಪದ ಕಡೆ ಧೈರ್ಯವಾಗಿ ವಾದಕ್ಕಿಳಿಯಬೇಕು. ಅಭಿಜಾತ ಕೃತಿಗೆ ಸಲ್ಲುವ ಅತ್ಯುನ್ನತ ಗೌರವ ಆ ವಾದವೇ.