ಜಾಲಹಳ್ಳಿಯ ವಾಲ್ವ್, ಭಾಂಡುಪಿನ ತಗಡು

ವಾಲ್ವ್ ಆಂಪ್ಲಿಫೈಯರ್‌ನ ಮಾತು ಬಂದರೆ ಎಲ್ಲರ ಕಣ್ಣೂ ಗಾಜಿನ ಬುರುಡೆಯೊಳಗೆ ಕೆಂಪಗೆ ಕಾಯುವ ತಂತಿಯ ಮೇಲೆಯೇ ನೆಡುತ್ತದೆ. ಕೈಯಿಂದ ಕಟ್ಟಿದ ಐದು ವ್ಯಾಟ್‌ನ ಗಿಟಾರ್ ಆಂಪ್ಲಿಫೈಯರ್‌ಗೆ ಜನ ಹೆಚ್ಚು ಬೆಲೆ ಕೊಡುವುದೂ ಆ ಕೆಂಪು ಬೆಳಕಿನ ಸಲುವಾಗಿಯೇ ಎಂಬ ನಂಬಿಕೆ ಬೇರೂರಿದೆ. ನನ್ನ ವಾದ ಬೇರೆ. ವಾಲ್ವ್ ಎಲ್ಲಿಂದ ಬೇಕಾದರೂ ತರಿಸಿಕೊಳ್ಳಬಹುದಾದ ಸಾಮಾನು. ಯಾವ ದೇಶದಲ್ಲಿ ತಯಾರಾದರೂ ಅದೇ ಒಂಬತ್ತು ಕಾಲು, ಹೆಚ್ಚುಕಡಿಮೆ ಅದೇ ಗುಣ. ಆಂಪ್ಲಿಫೈಯರ್ ಒಂದು ಊರಿಗೆ, ಒಂದು ಕೋಣೆಗೆ, ಒಬ್ಬ ವಾದಕನ ಕೈಗೆ ಒಗ್ಗುವುದು ಅದರೊಳಗಿನ ಕಬ್ಬಿಣ ಮತ್ತು ತಾಮ್ರದಿಂದ, ಅಂದರೆ ಟ್ರಾನ್ಸ್‌ಫಾರ್ಮರ್‌ನಿಂದ. ಹಾಗಾಗಿಯೇ ಈ ಕೆಲಸಕ್ಕೆ ಸರಿಯಾದ ಜಾಗ ಸಂಗೀತದ ಅಂಗಡಿಗಳ ಬೀದಿಯಲ್ಲ. ಕಾಂಜೂರ್‌ಮಾರ್ಗ್ ಮತ್ತು ನಾಹೂರ್ ನಿಲ್ದಾಣಗಳ ನಡುವಿನ, ಮುಂಬಯಿಯ ಭಾಂಡುಪಿನಂಥ ಕಾರ್ಖಾನೆಗಳ ಉಪನಗರ.

ಈ ಪೆಟ್ಟಿಗೆಯ ಹುಟ್ಟನ್ನು ಹುಡುಕಿಕೊಂಡು ಹೋದರೆ ಮೊದಲು ಎದುರಾಗುವುದು ಗಿಟಾರ್ ಅಲ್ಲ, ರೇಡಿಯೋ. ಅರವತ್ತರ ದಶಕದಲ್ಲಿ ನಮ್ಮ ಮನೆಗಳ ಗೂಡಿನಲ್ಲಿ, ಕಸೂತಿ ಬಟ್ಟೆ ಹೊದ್ದು ಕೂತಿರುತ್ತಿದ್ದ ವಾಲ್ವ್ ರೇಡಿಯೋದ ಹಿಂಬದಿಯ ರಟ್ಟು ತೆಗೆದರೆ ನಾಲ್ಕೈದು ವಾಲ್ವ್‌ಗಳು ಕಾಣುತ್ತಿದ್ದವು. ಅವುಗಳಲ್ಲಿ ಸ್ಪೀಕರನ್ನು ನಡೆಸುವ ಕೊನೆಯದು ಬಹಳಷ್ಟು ಸೆಟ್‌ಗಳಲ್ಲಿ ಇಎಲ್84. ಫಿಲಿಪ್ಸ್ 1953ರಲ್ಲಿ ಹೊರತಂದ ಈ ವಾಲ್ವೇ ಇಂದಿಗೂ ಚಿಕ್ಕ ಗಿಟಾರ್ ಆಂಪ್ಲಿಫೈಯರ್‌ಗಳ ಬೆನ್ನೆಲುಬು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವ್‌ಗಳ ತಯಾರಿಕೆಗೆ ಇಳಿಯಿತು. ಇಎಲ್84, ಇಸಿಸಿ83 ಮುಂತಾದವು ಬಿಇಎಲ್ ಮುದ್ರೆ ಹೊತ್ತು ದೇಶದ ರಿಪೇರಿ ಅಂಗಡಿಗಳಿಗೆಲ್ಲ ಹೋದವು. ಹಳೆ ವಾಲ್ವ್ ಸಂಗ್ರಹಿಸುವ ವಿದೇಶೀಯರು ಆ ಮುದ್ರೆಯನ್ನು ಈಗಲೂ ಹುಡುಕಿ ಕೊಳ್ಳುತ್ತಾರೆ. ಅಂದರೆ ಚಿಕ್ಕ ಗಿಟಾರ್ ಆಂಪ್ಲಿಫೈಯರ್‌ಗೆ ಬೇಕಾದ ಸರಕೂ ಅದನ್ನು ಬಲ್ಲ ಕೈಗಳೂ ನಮ್ಮಲ್ಲಿ ಆಗಲೇ ಇದ್ದವು. ಠಾಣೆಯಲ್ಲಿ ಮರ್ಫಿ ರೇಡಿಯೋ ತಯಾರಾಗುತ್ತಿತ್ತು, ಗ್ರಾಂಟ್ ರೋಡಿನ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬಿಡಿಭಾಗಗಳ ಸಂತೆಯೇ ನೆರೆದಿತ್ತು. 1940ರಲ್ಲಿ ಶುರುವಾದ ಅಹುಜಾ ಕಂಪನಿಯ ಆಂಪ್ಲಿಫೈಯರ್‌ಗಳು ಜಾತ್ರೆ, ಮದುವೆ, ಯಕ್ಷಗಾನದ ಬಯಲಿಗೆ ದನಿ ಕೊಟ್ಟಿದ್ದವು. ಇರದಿದ್ದದ್ದು ಗಿಟಾರಿಗೆಂದೇ ಮಾಡಿದ ಪೆಟ್ಟಿಗೆ ಮಾತ್ರ. ಆಮದು ಲೈಸೆನ್ಸು, ಸುಂಕಗಳ ಆ ಕಾಲದಲ್ಲಿ ಹೊರಗಿನಿಂದ ತರಿಸುವುದು ಕೆಲವರಿಗಷ್ಟೇ ಸಾಧ್ಯವಿತ್ತು.

ಅಹುಜಾ ಪೆಟ್ಟಿಗೆಗೇ ಗಿಟಾರ್ ಸಿಕ್ಕಿಸಿದರೆ ಆಗದೇ ಎಂದು ಕೇಳಬಹುದು. ಆಗುತ್ತದೆ, ಆದರೆ ಎರಡರ ಧರ್ಮ ಬೇರೆ. ಭಾಷಣದ ಆಂಪ್ಲಿಫೈಯರ್ ತನ್ನದೇನನ್ನೂ ಸೇರಿಸಕೂಡದು, ಗಿಟಾರಿನದು ಸೇರಿಸಲೇಬೇಕು. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಸಿಕ್ಕಿಸುವ ಜೀವಾಳದ ದಾರ ಹೇಗೆ ಬೋಳು ನಾದವನ್ನು ಒಡೆದು ಅನುರಣನಗಳ ಗೊಂಚಲು ಮಾಡುತ್ತದೆಯೋ, ಮಿತಿ ಮುಟ್ಟಿದ ವಾಲ್ವ್ ಗಿಟಾರಿನ ಸ್ವರಕ್ಕೆ ಮಾಡುವುದು ಅದನ್ನೇ. ಒಂದೇ ಔಟ್‌ಪುಟ್ ವಾಲ್ವ್ ಇರುವ ಪೆಟ್ಟಿಗೆಯಲ್ಲಿ ಅಲೆಯ ಒಂದು ತುದಿ ಇನ್ನೊಂದಕ್ಕಿಂತ ಮೊದಲು ಚಪ್ಪಟೆಯಾಗುತ್ತದೆ. ಆಗ ಮೂಲ ಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು ಕಂಪನಾಂಕದ ಸ್ವರಗಳೂ ಹೊರಡುತ್ತವೆ. ಎಂಜಿನಿಯರ್ ಇದನ್ನು ವಿಕೃತಿ ಎನ್ನುತ್ತಾನೆ, ವಾದಕನಿಗೆ ಅದೇ ನಾದ. ಈ ಪೆಟ್ಟಿಗೆ ವಾದ್ಯದ ಅರ್ಧ ಭಾಗ. ವಾದ್ಯವನ್ನು ಅಳತೆ ಕೊಟ್ಟು ಮಾಡಿಸುವುದು ನಮಗೇನೂ ಹೊಸದಲ್ಲ.

ಒಂದೇ ಸರ್ಕ್ಯೂಟ್ ಊರು ಬದಲಾದರೆ ಬೇರೆ ವಾದ್ಯವಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಒಳ್ಳೆಯ ಸಾಕ್ಷಿಯಿದೆ. ಲಿಯೋ ಫೆಂಡರ್ 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ತೆರೆದದ್ದು ರೇಡಿಯೋ ರಿಪೇರಿ ಅಂಗಡಿ. ಐವತ್ತರ ದಶಕದ ಕೊನೆಗೆ ಅವರ ಕಂಪನಿಯ ಬಾಸ್‌ಮನ್ ಎಂಬ ಆಂಪ್ಲಿಫೈಯರ್ ಹೆಸರು ಮಾಡಿತು. 1962ರ ಹೊತ್ತಿಗೆ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್ ಅವರ ವಾದ್ಯದಂಗಡಿಯಲ್ಲಿ ಕೆನ್ ಬ್ರಾನ್, ಡಡ್ಲಿ ಕ್ರೇವನ್ ಎಂಬ ತಂತ್ರಜ್ಞರು ಅದೇ ಸರ್ಕ್ಯೂಟನ್ನು ಹೆಚ್ಚುಕಡಿಮೆ ಗೆರೆಗೆ ಗೆರೆಯಾಗಿ ಅನುಸರಿಸಿ ಇನ್ನೊಂದನ್ನು ಕಟ್ಟಿದರು. ಅಮೆರಿಕದ ಭಾಗಗಳು ದುಬಾರಿಯಾಗಿದ್ದರಿಂದ ಇಂಗ್ಲೆಂಡಿನಲ್ಲಿ ಸಿಗುವ ಟ್ರಾನ್ಸ್‌ಫಾರ್ಮರ್, ವಾಲ್ವ್, ಸ್ಪೀಕರ್‌ಗಳನ್ನು ಹಾಕಿದರು. ಜೆಟಿಎಂ45 ಎಂಬ ಆ ಪೆಟ್ಟಿಗೆ ಬಾಸ್‌ಮನ್‌ನಂತೆ ಕೇಳಿಸಲಿಲ್ಲ. ರಾಕ್ ಸಂಗೀತದ ಮುಂದಿನ ದಶಕದ ದನಿ ಅದರಿಂದ ಹೊರಟಿತು. ನಕ್ಷೆಯಲ್ಲಿ ಹೊಸದೇನೂ ಹೆಚ್ಚಿರಲಿಲ್ಲ, ಬದಲಾದದ್ದು ಸ್ಥಳೀಯ ಸಾಮಗ್ರಿ. ಡಾರ್ಟ್‌ಫರ್ಡ್‌ನಲ್ಲಿ ಡಿಕ್ ಡೆನ್ನಿ ವಿನ್ಯಾಸ ಮಾಡಿದ ವಾಕ್ಸ್ ಎಸಿ15 ಕೂಡ ಹೀಗೆಯೇ ಕೈಗೆಟುಕುವ ಇಎಲ್84ರ ಮೇಲೆ ನಿಂತಿತು.

ಇನ್ನು ಭಾಂಡುಪಿಗೆ ಬರೋಣ. ಲಾಲ್ ಬಹಾದುರ್ ಶಾಸ್ತ್ರಿ ಮಾರ್ಗದ ಇಕ್ಕೆಲದಲ್ಲಿ ಬೆಳೆದ ಈ ಪಟ್ಟಿಯಲ್ಲಿ ಸಿಯೆಟ್ ಟೈರು, ಏಷ್ಯನ್ ಪೇಂಟ್ಸ್ ಬಣ್ಣ, ಗೆಸ್ಟ್ ಕೀನ್ ವಿಲಿಯಮ್ಸ್ ಉಕ್ಕಿನ ಸಾಮಾನುಗಳು ತಯಾರಾದವು. ಮುಂಬಯಿ ಕನ್ನಡಿಗರೆಂದರೆ ಹೋಟೆಲಿನವರು ಎಂಬ ಚಿತ್ರ ಗಟ್ಟಿಯಾಗಿದ್ದರೂ ವಿಕ್ರೋಲಿಯಿಂದ ಮುಲುಂಡ್‌ವರೆಗಿನ ಈ ಕಾರ್ಖಾನೆಗಳ ಪಾಳಿಗಳಲ್ಲಿ ನಮ್ಮವರೂ ದುಡಿದಿದ್ದಾರೆ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಗೆಸ್ಟ್ ಕೀನ್ ವಿಲಿಯಮ್ಸ್‌ನ ಸ್ಯಾಂಕಿ ವಿಭಾಗ. ಮೋಟಾರು, ಟ್ರಾನ್ಸ್‌ಫಾರ್ಮರ್‌ಗಳ ಒಡಲಿಗೆ ಬೇಕಾದ ಸಿಲಿಕಾನ್ ಉಕ್ಕಿನ ತೆಳುತಗಡುಗಳನ್ನು, ವ್ಯಾಪಾರದಲ್ಲಿ ಸ್ಟ್ಯಾಂಪಿಂಗ್ ಎನ್ನುವ ಇ ಮತ್ತು ಐ ಆಕಾರದ ಹಲ್ಲೆಗಳನ್ನು, ಅಲ್ಲಿ ಅಚ್ಚೊತ್ತಿ ಕತ್ತರಿಸುತ್ತಿದ್ದರು. ಆ ಕಾರ್ಖಾನೆ ಇಂದು ಇಲ್ಲ. ಆದರೆ ಅಂಥ ಕಾರ್ಖಾನೆಗಳ ಸುತ್ತ ಹುಟ್ಟಿದ ಸಣ್ಣ ಕಸುಬುಗಳು ಇಂಡಸ್ಟ್ರಿಯಲ್ ಎಸ್ಟೇಟುಗಳ ಗಾಲಾಗಳೆಂಬ ಸಣ್ಣ ಮಳಿಗೆಗಳಲ್ಲಿ ಉಳಿದಿವೆ. ಸ್ಟೆಬಿಲೈಸರಿಗೆ, ಕಂಟ್ರೋಲ್ ಪ್ಯಾನಲ್ಲಿಗೆ ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುವವರು, ಅಲ್ಯುಮಿನಿಯಂ ಹಾಳೆ ಮಡಿಸಿ ರಂಧ್ರ ಕೊರೆದು ಕೊಡುವವರು, ಪೌಡರ್ ಕೋಟಿಂಗ್ ಮಾಡುವವರು ಒಂದೇ ಅಂಗಳದಲ್ಲಿ ಸಿಗುವುದು ಇಂಥ ಕಡೆಯೇ. ಗಿಟಾರ್ ಆಂಪ್ಲಿಫೈಯರ್ ಕಟ್ಟುವವನಿಗೆ ಈ ಮೂವರೂ ಬೇಕು.

ಮೊದಲನೆಯವನ ಕೆಲಸವನ್ನು ಹತ್ತಿರದಿಂದ ನೋಡಬೇಕು. ಇಎಲ್84ಕ್ಕೆ ಸುಮಾರು 250 ವೋಲ್ಟ್ ಕೊಟ್ಟು ನಡೆಸಿದರೆ ಅದು ತನ್ನ ಪೂರ್ಣ ಶಕ್ತಿ ಕೊಡುವುದು 5,200 ಓಮ್‌ನ ಹೊರೆಗೆ. ಸ್ಪೀಕರ್ ಇರುವುದು 8 ಓಮ್. ನಡುವೆ ನಿಂತು ಇಬ್ಬರಿಗೂ ಹೊಂದಿಸುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಲೆಕ್ಕ ಹಾಕಿದರೆ ಸುತ್ತುಗಳ ಅನುಪಾತ 25.5, ವಾಲ್ವ್ ಕಡೆಯ ಸುರುಳಿ, ಅಂದರೆ ಪ್ರೈಮರಿ, 2,550 ಸುತ್ತಾದರೆ ಸ್ಪೀಕರ್ ಕಡೆಯ ಸೆಕೆಂಡರಿ 100. ಪ್ರೈಮರಿಗೆ ಕೂದಲೆಳೆಯಂಥ ಎನಾಮೆಲ್ ತಾಮ್ರ, ಸೆಕೆಂಡರಿಗೆ ದಪ್ಪ ತಂತಿ. ಪೂರ್ತಿ ಪ್ರೈಮರಿ ಸುತ್ತಿ ಮುಗಿಸಿ ಅದರ ಮೇಲೆ ಸೆಕೆಂಡರಿ ಸುತ್ತಿದರೆ ಸುಲಭ, ಆದರೆ ತಾರಕದ ಹೊಳಪು ಸೋರಿಹೋಗುತ್ತದೆ. ಅರ್ಧ ಪ್ರೈಮರಿ, ಮೇಲೆ ಸೆಕೆಂಡರಿ, ಮತ್ತೆ ಉಳಿದರ್ಧ ಪ್ರೈಮರಿ ಎಂದು ಪದರ ಪದರವಾಗಿ ಹೋಗಬೇಕು. ಆಮೇಲೆ ತಗಡು ತುಂಬುವುದು. ಮಾಮೂಲಿ ಟ್ರಾನ್ಸ್‌ಫಾರ್ಮರ್‌ನಲ್ಲಿ ಇ ಮತ್ತು ಐ ಹಲ್ಲೆಗಳನ್ನು ಒಂದು ಆ ಕಡೆಯಿಂದ, ಒಂದು ಈ ಕಡೆಯಿಂದ ಹೆಣೆಯುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಕೆಟ್ಟಿತು. ಒಂದೇ ವಾಲ್ವ್ ಇರುವಾಗ ಸುಮಾರು 48 ಮಿಲಿಆಂಪಿಯರ್ ನೇರ ವಿದ್ಯುತ್ ಸುರುಳಿಯಲ್ಲಿ ಸದಾ ಹರಿಯುತ್ತಿರುತ್ತದೆ, ಹೆಣೆದ ಕಬ್ಬಿಣ ಅದರಿಂದಲೇ ತುಂಬಿ ಮರಗಟ್ಟಿಬಿಡುತ್ತದೆ. ಆದ್ದರಿಂದ ಇ ಎಲ್ಲ ಒಂದು ಕಡೆ, ಐ ಎಲ್ಲ ಇನ್ನೊಂದು ಕಡೆ ಇಟ್ಟು ನಡುವೆ ತೆಳು ಕಾಗದದ ಸಂದು ಬಿಡಬೇಕು. ಆ ಕಾಗದದ ದಪ್ಪವೂ ನಾದವನ್ನು ನಿರ್ಧರಿಸುತ್ತದೆ. ಕೊನೆಗೆ ವಾರ್ನಿಷ್‌ನಲ್ಲಿ ಅದ್ದಿ ಬಿಸಿಯಲ್ಲಿ ಒಣಗಿಸುವುದು. ಮುಂಬಯಿಯ ಮಳೆಗಾಲದ ಉಪ್ಪು ಹವೆಯಲ್ಲಿ ಇದನ್ನು ಬಿಟ್ಟರೆ ತೇವ ಸೇರಿ ನಿರೋಧಕ ಕೆಡುತ್ತದೆ.

ಸ್ಥಳೀಯ ಅಳತೆ ಎಂಬುದು ಬರೀ ಅಭಿಮಾನದ ಮಾತಲ್ಲ. ಅಮೆರಿಕದ ಹಳೆ ಆಂಪ್ಲಿಫೈಯರ್‌ನ ಪವರ್ ಟ್ರಾನ್ಸ್‌ಫಾರ್ಮರ್ 60 ಹರ್ಟ್ಸ್‌ಗೆ ಲೆಕ್ಕ ಹಾಕಿದ್ದು. ಇಲ್ಲಿ ಸ್ಟೆಪ್‌ಡೌನ್ ಇಟ್ಟು ವೋಲ್ಟೇಜ್ ಇಳಿಸಬಹುದು, ಆದರೆ 50 ಹರ್ಟ್ಸನ್ನು 60 ಮಾಡಲಾಗದು. ಅಷ್ಟೇ ಕಬ್ಬಿಣ ಹೆಚ್ಚು ಕಾಂತತ್ವ ಹೊತ್ತು ಬಿಸಿಯಾಗುತ್ತದೆ. 220 ವೋಲ್ಟಿಗೆ ಸುತ್ತಿದ್ದಕ್ಕೆ ಲೈನಿನಲ್ಲಿ 240 ಬಂದರೆ 6.3 ವೋಲ್ಟಿನ ಹೀಟರ್‌ಗೆ 6.87 ಸಿಗುತ್ತದೆ, ಶೇಕಡ 9ರಷ್ಟು ಜಾಸ್ತಿ. ವಾಲ್ವ್‌ನ ಆಯುಷ್ಯ ಅಲ್ಲೇ ಕರಗುತ್ತದೆ. ಊರಿನಲ್ಲೇ ಸುತ್ತಿಸಿದರೆ 220, 230, 240ಕ್ಕೆ ಬೇರೆ ಬೇರೆ ಟ್ಯಾಪಿಂಗ್ ಕೇಳಿ ಪಡೆಯಬಹುದು. ಗಿಟಾರಿನ ಅತಿ ಕೆಳಗಿನ ತಂತಿ ಮಾಮೂಲಿ ಶ್ರುತಿಯಲ್ಲಿ 82 ಹರ್ಟ್ಸ್‌ಗಿಂತ ಕೆಳಗಿಳಿಯುವುದಿಲ್ಲ. ಹಾಗಾಗಿ ಹೈಫೈ ಪೆಟ್ಟಿಗೆಯಷ್ಟು ದೊಡ್ಡ ಕಬ್ಬಿಣವೂ ಬೇಡ. ಇದನ್ನು ತಿಳಿದ ಗಿರಾಕಿ ಸ್ಟ್ಯಾಂಪಿಂಗ್‌ನ ನಂಬರನ್ನೂ ತಾನೇ ಆರಿಸಬಲ್ಲ.

ಇನ್ನೂ ದೊಡ್ಡ ಕಾರಣವೆಂದರೆ ಕೋಣೆ. ಮೀಟರ್ ದೂರದಲ್ಲಿ ಒಂದು ವ್ಯಾಟ್‌ಗೆ 95 ಡೆಸಿಬೆಲ್ ಕೊಡುವ ಸ್ಪೀಕರ್ ಇದ್ದರೆ ಐದು ವ್ಯಾಟ್‌ಗೆ 102 ಆಗುತ್ತದೆ. 2000ದ ಶಬ್ದ ಮಾಲಿನ್ಯ ನಿಯಮ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಹೇಳುತ್ತದೆ. ಗೋಡೆಗೆ ಗೋಡೆ ತಾಗಿದ ಚಾಳು, ಕಟ್ಟಡಗಳ ಭಾಂಡುಪಿನಲ್ಲಿ ಐದು ವ್ಯಾಟ್ ಎಂದರೆ ಚಿಕ್ಕದೇನಲ್ಲ. ವಾಲ್ಯೂಮ್ ಇಳಿಸಿದರೆ ಔಟ್‌ಪುಟ್ ವಾಲ್ವ್ ಮಿತಿ ಮುಟ್ಟುವುದೇ ಇಲ್ಲ, ಬಯಸಿದ ನಾದವೂ ಬರುವುದಿಲ್ಲ. ಶಕ್ತಿ ಅರ್ಧ ಮಾಡಿದರೆ ಇಳಿಯುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅರ್ಧ ಎನಿಸಬೇಕಾದರೆ ಹತ್ತನೇ ಒಂದಕ್ಕೆ ಇಳಿಸಬೇಕು. ಅಂದರೆ ಮುಂಬಯಿಯ ಕೋಣೆಗೆ ಬೇಕಾದದ್ದು ಅರ್ಧ ವ್ಯಾಟ್‌ನ ಪೆಟ್ಟಿಗೆ. ಇಎಲ್84ರ ಬದಲು ಇಸಿಸಿ82ರ ಎರಡೂ ಟ್ರಯೋಡ್‌ಗಳನ್ನು ಜೋಡಿಸಿ ಆ ಮಟ್ಟಕ್ಕೆ ಇಳಿಯಬಹುದು, ಆದರೆ ಅದಕ್ಕೆ ಬೇಕಾದ ಹೊರೆ ಬೇರೆ, ಟ್ರಾನ್ಸ್‌ಫಾರ್ಮರ್ ಬೇರೆ. ಅದು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದು ಅಪರೂಪ. ಸುತ್ತಿಸಬೇಕು. ವೇದಿಕೆಯನ್ನು ಮನಸ್ಸಿನಲ್ಲಿಟ್ಟು ತಯಾರಿಸುವ ದೊಡ್ಡ ಕಂಪನಿ ಈ ಕೋಣೆಗೆ ಉತ್ತರ ಕೊಡುವುದಿಲ್ಲ, ಪಕ್ಕದ ಗಾಲಾದ ಕಸುಬುದಾರ ಕೊಡಬಲ್ಲ.

ಆಕ್ಷೇಪಗಳು ಹಗುರವಾದವಲ್ಲ. ಕಂಪ್ಯೂಟರ್ ಚಿಪ್ಪಿನಲ್ಲಿ ವಾಲ್ವ್‌ನ ನಾದವನ್ನು ಅನುಕರಿಸುವ ಡಿಜಿಟಲ್ ಪೆಟ್ಟಿಗೆಗಳು ಈಗ ಅಗ್ಗ, ಹೆಡ್‌ಫೋನ್ ಹಾಕಿದರೆ ನೆರೆಯವರಿಗೂ ತೊಂದರೆಯಿಲ್ಲ. ಧ್ವನಿಮುದ್ರಣದಲ್ಲಿ ಅಸಲಿ ಯಾವುದು, ಅನುಕರಣೆ ಯಾವುದು ಎಂದು ಪಳಗಿದ ಕಿವಿಯೂ ಎಷ್ಟೋ ಸಲ ಹೇಳಲಾರದು ಎಂಬುದನ್ನು ಒಪ್ಪುತ್ತೇನೆ. ಕೇಳುವ ನಾದವೊಂದೇ ಗುರಿಯಾದರೆ ಅವೇ ಸಾಕು. ಆದರೆ ಆ ಚಿಪ್ ಕೆಟ್ಟರೆ ಬೋರ್ಡನ್ನೇ ಎಸೆಯಬೇಕು. ಕೈಯಿಂದ ಕಟ್ಟಿದ ಪೆಟ್ಟಿಗೆಯಲ್ಲಿ ಇರುವುದು ಎರಡು ವಾಲ್ವ್, ಎರಡು ಟ್ರಾನ್ಸ್‌ಫಾರ್ಮರ್, ಟ್ಯಾಗ್ ಸ್ಟ್ರಿಪ್ಪಿನ ಮೇಲೆ ಎರಡು ಡಜನ್‌ನಷ್ಟು ರೆಸಿಸ್ಟರು, ಕಂಡೆನ್ಸರುಗಳು. ಒಂದೊಂದನ್ನೂ ಬೆರಳಿಟ್ಟು ತೋರಿಸಬಹುದು, ಮೀಟರ್ ಹಿಡಿದು ಅಳೆಯಬಹುದು, ಬೆಸುಗೆ ಬಿಚ್ಚಿ ಬದಲಿಸಬಹುದು. ಇಎಲ್84ರ ಕ್ಯಾಥೋಡ್‌ನಲ್ಲಿ 135 ಓಮ್ ಇದ್ದು ಅದರ ಮೇಲೆ ಏಳು ವೋಲ್ಟ್ ಚಿಲ್ಲರೆ ಕಂಡರೆ ವಾಲ್ವ್ ಆರೋಗ್ಯವಾಗಿದೆ ಎಂದು ಗೊತ್ತಾಗುತ್ತದೆ. ಐದು ವ್ಯಾಟ್ ನಾದಕ್ಕೆ 25 ವ್ಯಾಟ್ ವಿದ್ಯುತ್ ಸುಡುವುದು ದಂಡವಲ್ಲವೇ ಎನ್ನುವವರಿಗೆ, ಹಳೆಯ ಸೀಲಿಂಗ್ ಫ್ಯಾನು ಅದರ ಮೂರು ಪಟ್ಟು ತಿನ್ನುತ್ತದೆ ಎಂದರೆ ಸಾಕು.

ಅಪಾಯದ ಆಕ್ಷೇಪಕ್ಕೆ ಮಾತ್ರ ತೇಲಿಸುವ ಉತ್ತರ ಸಲ್ಲದು. ಗಿಟಾರಿನ ತಂತಿ ಕೇಬಲಿನ ಮೂಲಕ ಪೆಟ್ಟಿಗೆಯ ಲೋಹದ ಚಾಸಿಗೆ ಸೇರಿರುತ್ತದೆ, ವಾದಕನ ಬೆರಳು ಆ ತಂತಿಯ ಮೇಲಿರುತ್ತದೆ. ಪವರ್ ಟ್ರಾನ್ಸ್‌ಫಾರ್ಮರ್ ಇಲ್ಲದ ಕೆಲವು ಹಳೆ ರೇಡಿಯೋಗಳಲ್ಲಿ ಚಾಸಿಯೇ ನೇರ ಲೈನಿಗೆ ಸೇರಿರುತ್ತಿತ್ತು. ಅಂಥದನ್ನು ಗಿಟಾರಿಗೆ ಬಳಸುವುದು ಪ್ರಾಣದ ಜೊತೆ ಆಟ. ಸ್ವಿಚ್ ಆರಿಸಿದ ಮೇಲೂ ಫಿಲ್ಟರ್ ಕಂಡೆನ್ಸರುಗಳಲ್ಲಿ 300 ವೋಲ್ಟ್‌ನಷ್ಟು ಕಾದು ಕೂತಿರಬಹುದು. ಲೈನಿನಿಂದ ಪೂರ್ತಿ ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್, ಚಾಸಿಗೆ ಬಿಗಿದ ಅರ್ಥಿಂಗ್, ಫ್ಯೂಸ್, ಕಂಡೆನ್ಸರನ್ನು ತಾನಾಗಿ ಬರಿದುಮಾಡುವ ಒಂದು ರೆಸಿಸ್ಟರ್, ಇವು ನಾಲ್ಕೂ ಇಲ್ಲದ ಪೆಟ್ಟಿಗೆಯನ್ನು ಯಾರೂ ಕಟ್ಟಕೂಡದು, ಕೊಳ್ಳಲೂಕೂಡದು. ಇಲ್ಲಿಯೂ ಮೊದಲ ರಕ್ಷಣೆ ಟ್ರಾನ್ಸ್‌ಫಾರ್ಮರೇ ಎಂಬುದನ್ನು ಗಮನಿಸಬೇಕು.

ಕಡೆಯ ಆಕ್ಷೇಪ ನನ್ನ ವಾದದ ಬುಡಕ್ಕೇ ಬರುತ್ತದೆ. ವಾಲ್ವ್‌ಗಳೇ ಆಮದಾಗುವಾಗ ಸ್ಥಳೀಯ ಎನ್ನುವುದೇನು? ಜಾಲಹಳ್ಳಿಯ ವಾಲ್ವ್ ತಯಾರಿಕೆ ನಿಂತು ದಶಕಗಳಾದವು. ಈಗ ಹೊಸ ವಾಲ್ವ್ ಹೆಚ್ಚಾಗಿ ಬರುವುದು ಸ್ಲೊವಾಕಿಯಾ, ರಷ್ಯಾ, ಚೀನಾದಿಂದ. 2022ರ ಮಾರ್ಚ್‌ನಲ್ಲಿ ರಷ್ಯಾ ರಫ್ತಿಗೆ ತಡೆ ಹಾಕಿದಾಗ ಸರಾತೋವ್ ಕಾರ್ಖಾನೆಯ ವಾಲ್ವ್‌ಗಳಿಗೆ ಜಗತ್ತಿನಾದ್ಯಂತ ಹಾಹಾಕಾರ ಎದ್ದಿತು. ಇದು ನಿಜವಾದ ದೌರ್ಬಲ್ಯ. ಆದರೂ ವಾಲ್ವ್ ಸಾಕೆಟ್ಟಿಗೆ ಸಿಕ್ಕಿಸುವ ವಸ್ತು, ಹಾಳಾದರೆ ಕಿತ್ತು ಇನ್ನೊಂದು ದೇಶದ್ದನ್ನು ಹಾಕಬಹುದು. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಹಾಗಲ್ಲ, ಅದೇ ಅಳತೆಯದನ್ನು ಯಾರಾದರೂ ಮತ್ತೆ ಸುತ್ತಲೇಬೇಕು. ಗಾಲಾಗಳ ಕಸುಬುದಾರರಲ್ಲಿ ಈ ಲೆಕ್ಕ ಬಹುಪಾಲು ಕೈಯಲ್ಲಿ, ನೆನಪಿನಲ್ಲಿ ಇರುತ್ತದೆ. ಗಾಲಾ ಖಾಲಿಯಾದರೆ ಅದೂ ಹೋಗುತ್ತದೆ. ಹಳೆ ರೇಡಿಯೋಗಳ ಒಳಮೈಗೆ ಸರ್ಕ್ಯೂಟಿನ ಕಾಗದ ಅಂಟಿಸುವ ಒಳ್ಳೆಯ ರೂಢಿಯಿತ್ತು. ಇಂದು ಪೆಟ್ಟಿಗೆ ಕಟ್ಟುವವರು ಅದರ ಜೊತೆಗೆ ಇನ್ನೊಂದು ಹಾಳೆ ಅಂಟಿಸಬೇಕು: ಸ್ಟ್ಯಾಂಪಿಂಗ್‌ನ ನಂಬರ್, ತಂತಿಯ ಗೇಜ್, ಪದರಗಳ ಕ್ರಮ, ಸುತ್ತುಗಳ ಸಂಖ್ಯೆ, ಸಂದಿನ ಕಾಗದದ ದಪ್ಪ. ಹಾಗೆ ಮಾಡಿದರೆ ಇಪ್ಪತ್ತು ವರ್ಷದ ಮೇಲೆ ಅದು ಸುಟ್ಟುಹೋದರೂ ಮುಂದಿನವನು ಅಂದಾಜು ಮಾಡುತ್ತ ಕೂರಬೇಕಿಲ್ಲ, ಎಣಿಸಿ ಸುತ್ತಿದರಾಯಿತು.