ಸವಳಂಗ ಯಾವ ಜಿಲ್ಲೆ? ಮೊದಲು ಸ್ಕ್ರಿಪ್ಟ್‌ಗೆ ಹೇಳಿ

1991ರ ಜನಗಣತಿಯಲ್ಲಿ ಸವಳಂಗ ಶಿವಮೊಗ್ಗ ಜಿಲ್ಲೆ, ಹೊನ್ನಾಳಿ ತಾಲೂಕಿನ ಊರು. 2011ರಲ್ಲಿ ತಾಲೂಕು ಅದೇ, ಜಿಲ್ಲೆ ದಾವಣಗೆರೆ. ನಡುವೆ 1997ರ ಆಗಸ್ಟ್ 15ರಂದು ಮುಖ್ಯಮಂತ್ರಿ ಜೆ.ಎಚ್. ಪಟೇಲ್ (ಅವರೂ ಚನ್ನಗಿರಿ ಕಡೆಯವರೇ) ಕಾಲದಲ್ಲಿ ಹೊಸ ಜಿಲ್ಲೆ ಆಯ್ತು. ಈಗ ಸವಳಂಗ ನ್ಯಾಮತಿ ತಾಲೂಕಿನಲ್ಲಿದೆ. ವಿಧಾನಸಭಾ ಕ್ಷೇತ್ರ ಮಾತ್ರ ಇನ್ನೂ ಹೊನ್ನಾಳಿನೇ.

ಇಂಥ ಹಳೇ-ಹೊಸ ಅಂಕಿಅಂಶ ಜೋಡಿಸೋಕೆ ನಾನು ಶೆಲ್ ಸ್ಕ್ರಿಪ್ಟ್ ಬಳಸ್ತೀನಿ. 2011ರ ಫೈಲಿನಲ್ಲಿ ನ್ಯಾಮತಿ ತಾಲೂಕು ಹುಡುಕಿದರೆ ಬರೋ ಉತ್ತರ ಸೊನ್ನೆ. ಅದರ ಸ್ಕ್ರೀನ್‌ಶಾಟ್ ಹಾಕಿ 'ತಾಲೂಕನ್ನೇ ಅಳಿಸಿದ್ದಾರೆ' ಅನ್ನೋಕೆ ಒಂದು ನಿಮಿಷ ಸಾಕು. ಹಾಗಾಗಿ ವರ್ಷ, ಜಿಲ್ಲೆ, ತಾಲೂಕು ಮೂರನ್ನೂ ಸ್ಕ್ರಿಪ್ಟ್ ಕೇಳಿ ಪಡೆಯಬೇಕು.

ಸುಲಭದ ದಾರಿ ಅಂದರೆ ಮೊದಲ ಪದ ವರ್ಷ, ಎರಡನೆಯದು ಜಿಲ್ಲೆ ಅಂತ ಸ್ಥಾನ ನೋಡಿ ಓದೋದು. ಕ್ರಮ ತಪ್ಪಿದರೆ ಸ್ಕ್ರಿಪ್ಟ್ ತುಟಿಪಿಟಕ್ ಅನ್ನಲ್ಲ, ಜಿಲ್ಲೆಯ ಜಾಗದಲ್ಲಿ ತಾಲೂಕು ಹುಡುಕಿ ಸೊನ್ನೆ ಕೊಡುತ್ತೆ. ಅದಕ್ಕೇ ಆಪ್ಷನ್ ಬೇಕು: ಮೈನಸ್ ವೈ ಅಂದರೆ ವರ್ಷ, ಮೈನಸ್ ಡಿ ಜಿಲ್ಲೆ, ಮೈನಸ್ ಟಿ ತಾಲೂಕು. ಆಗ ಕ್ರಮ ಹೇಗಿದ್ದರೂ ನಡೆಯುತ್ತೆ.

ಇದನ್ನು ಓದೋಕೆ ಶೆಲ್‌ನಲ್ಲೇ ಗೆಟ್‌ಆಪ್ಟ್ಸ್ ಇದೆ. ಯಾವ ಅಕ್ಷರಗಳನ್ನು ಒಪ್ಪಬೇಕು ಅಂತ ಪಟ್ಟಿ ಕೊಡ್ತೀವಿ. ಅಕ್ಷರದ ಮುಂದೆ ಕೋಲನ್ ಇದ್ದರೆ ಅದರ ಜೊತೆ ಒಂದು ಬೆಲೆ ಬರಲೇಬೇಕು. ವೈಲ್ ಲೂಪಿನೊಳಗೆ ಕೇಸ್ ಹಾಕಿ ಒಂದೊಂದನ್ನೇ ಎತ್ತಿಕೊಳ್ಳೋದು. ಬೆಲೆ ಆಪ್ಟ್‌ಆರ್ಗ್‌ನಲ್ಲಿ ಸಿಗುತ್ತೆ. ಪಟ್ಟಿಯ ಶುರುವಿನಲ್ಲೇ ಒಂದು ಕೋಲನ್ ಇಟ್ಟರೆ ಶೆಲ್ ತನ್ನ ಇಂಗ್ಲಿಷ್ ಗೊಣಗಾಟ ನಿಲ್ಲಿಸುತ್ತೆ. 'ಜಿಲ್ಲೆ ಹೆಸರು ಕೊಡಿ' ಅಂತ ನಾವೇ ಕನ್ನಡದಲ್ಲಿ ಹೇಳಬಹುದು. ಲೂಪ್ ಮುಗಿದ ಮೇಲೆ ಆಪ್ಟ್‌ಇಂಡ್‌ನಲ್ಲಿ ಒಂದು ಕಳೆದಷ್ಟು ಶಿಫ್ಟ್ ಮಾಡಿದರೆ ಉಳಿಯೋದು ಫೈಲಿನ ಹೆಸರುಗಳು ಮಾತ್ರ.

ಒಂದು ಕಡೆ ಮಾತ್ರ ಗೆಟ್‌ಆಪ್ಟ್ಸ್ ಪೆದ್ದು. ಮೈನಸ್ ಡಿ ಬರೆದು ಜಿಲ್ಲೆ ಹೆಸರು ಮರೆತು ಮೈನಸ್ ಟಿ ನ್ಯಾಮತಿ ಅಂದಿರಿ ಅಂತಿಟ್ಟುಕೊಳ್ಳಿ. ಅದು 'ಮೈನಸ್ ಟಿ'ಯನ್ನೇ ಜಿಲ್ಲೆಯ ಹೆಸರು ಅಂದುಕೊಳ್ಳುತ್ತೆ. ದೋಷವೇ ತೋರಿಸಲ್ಲ! ಆಮೇಲೆ ನ್ಯಾಮತಿ ಆಪ್ಷನ್ ಅಲ್ಲದ ಪದವಾದ್ದರಿಂದ ಓದೋದೇ ನಿಲ್ಲಿಸುತ್ತೆ. ಬಂದ ಬೆಲೆ ಮೈನಸ್‌ನಿಂದ ಶುರುವಾದರೆ ಅಲ್ಲೇ ಎಕ್ಸಿಟ್ ಮಾಡಿಸಿ. ಜೊತೆಗೆ ವರ್ಷ 2011 ಆಗಿದ್ದು ತಾಲೂಕು ನ್ಯಾಮತಿ ಅಂತಿದ್ದರೆ ಸೊನ್ನೆ ಕೊಡೋ ಬದಲು 'ಆಗ ಇದು ಹೊನ್ನಾಳಿ ತಾಲೂಕು' ಅಂತ ಹೇಳೋ ಒಂದು ಇಫ್ ಸೇರಿಸಿ.